ಮುಸುಕು ತೆಗೆಯುವ ಕೈ

ಸೈಬಾಯ್ ದ್ವೀಪ
೧೪ ಅಕ್ಟೋಬರ್ ೨೦೧೮, ಭಾನುವಾರ, ಪೂಜೆ ಮುಗಿಸಿ ಬಂದು

ಪ್ರೀತಿಯ ತಮ್ಮ ಆಮೋಸ್,

ನಿನ್ನ ಮೊಣಕಾಲು ನೋವು ಹೇಗಿದೆ? ನದಿಯ ತಂಪು ನಿನಗೆ ಆಗಿಬರುವುದಿಲ್ಲ ಅಂತ ಅಮ್ಮ ಆಗಲೇ ಹೇಳುತ್ತಿದ್ದಳು. ನಿನ್ನ ಹೆಂಡತಿ ಮಕ್ಕಳಿಗಾಗಿ ಇವತ್ತೂ ಇಗರ್ಜಿಯಲ್ಲಿ ಬೇಡಿಕೊಂಡೆ. ದೇವರ ದಯೆಯಿಂದ ನಾನು ಚೆನ್ನಾಗಿದ್ದೇನೆ.

ಗಾಳಿ ನಿಂತ ಮಧ್ಯಾಹ್ನಗಳಲ್ಲಿ ದಂಡೆಯ ಮೇಲೆ ಚಾಪೆ ಹಾಸಿ ಕೂರುತ್ತೇನೆ. ಗಡಿಯಾಚೆ, ನಿನ್ನ ದೇಶದ ದಡದಲ್ಲಿ ನಮ್ಮ ಹಳೇ ಊರಿನ ಹೊಗೆ ಏಳುತ್ತದೆ. ನೀರೆಲ್ಲಿ ಮುಗಿಯಿತು, ಆಕಾಶವೆಲ್ಲಿ ಶುರುವಾಯಿತು ಅಂತ ತಿಳಿಯದ ಹೊತ್ತು ಅದು. ಊರೇ ಬಿಡಿಸಿಕೊಂಡು ನಮ್ಮ ಕಡೆ ತೇಲಿ ಬರುತ್ತಿದೆ ಅನ್ನಿಸುತ್ತದೆ. ನಿನ್ನೆ ಹಾಗೇ ಕಣ್ಣು ಹತ್ತಿತು. ನಿನ್ನ ಭಾವ ಒದ್ದೆ ಬಲೆ ಹೆಗಲಿಗೆ ಹಾಕಿಕೊಂಡು ಬಂದು ಪಕ್ಕದಲ್ಲಿ ಕೂತರು. "ಆಮೋಸ್ ಬಂದ್ನೇನೆ?" ಅಂದರು. ಬರ್ತಾನೆ ಅಂದೆ. ಅಷ್ಟು ಕೇಳಿ ಎದ್ದು ನೀರಿನ ಮೇಲೇ ನಡೆದು ಹೋದರು. ಎಚ್ಚರವಾದಾಗ ಚಾಪೆ ಒಣಗೇ ಇತ್ತು, ನೋಡು.

ಅವರ ಹೆಸರು ಕೆತ್ತಿದ ಕಲ್ಲು ದೊಡ್ಡ ದೋಣಿಯಲ್ಲಿ ಬಂದು ಗೋರಿಯ ಮೇಲೆ ನಿಂತಿದೆ. ಹೂವಿನ ಬಟ್ಟೆಯ ಮುಸುಕು ಹಾಕಿದ್ದೇವೆ. ಹಳೇ ಊರಲ್ಲಿದ್ದಾಗ ದಾಟಿ ಬಂದು ಗೋರಿ ಅಗೆದವನು ನೀನು, ನಮ್ಮ ಪದ್ಧತಿಯಂತೆ ಹೆಂಡತಿಯ ತಮ್ಮನಾಗಿ ಮುಸುಕು ತೆಗೆಯಬೇಕಾದವನೂ ನೀನೇ. ಅದು ತೆಗೆಯುವವರೆಗೆ ನನ್ನ ಸೂತಕವೂ ಮುಗಿಯುವುದಿಲ್ಲ.

ಗುರುವಾರ ಎರಡೂ ದೇಶದ ಅಧಿಕಾರಿಗಳು ಇಲ್ಲಿ ಸಭೆ ಸೇರಿದ್ದರು. ಎದ್ದು ನಿಂತು ನಿನ್ನ ವಿಷಯ ಎತ್ತಿದೆ. ಎರಡೂ ದೇಶಗಳ ಗಡಿ ಒಪ್ಪಂದದ ಪಟ್ಟಿಯಲ್ಲಿರುವ ಊರಿನವರು ಪಾಸು ಹಿಡಿದು ಮದುವೆಗೆ, ಸಾವಿಗೆ, ಸಂತೆಗೆ ದಾಟಿ ಬರಬಹುದು. ತೋಟಕ್ಕೆ ಉಪ್ಪುನೀರು ನುಗ್ಗಿದ ಮೇಲೆ ನೀನು ನದಿಯ ಮೇಲಕ್ಕೆ, ಹೆಂಡತಿಯ ಊರಿಗೆ ಹೋದೆ. ಆ ಊರು ಪಟ್ಟಿಯಲ್ಲಿಲ್ಲ. "ಮನೆ ಬದಲಾಯಿಸಿದ್ರೆ ಭಾವಮೈದ ಭಾವಮೈದನಲ್ವಾ?" ಅಂತ ಕೇಳಿದೆ. ಅಧಿಕಾರಿ ಹುಡುಗಿ ಒಳ್ಳೆಯವಳು, ಎರಡೂ ರಾಜಧಾನಿಗಳು ಒಪ್ಪಬೇಕು ಆಂಟಿ, ಮುಂದಿನ ವರ್ಷ ಸಭೆ ಮುಂದೆ ಮತ್ತೆ ಇಡ್ತೀನಿ ಅಂದಳು. ನನ್ನ ಮುದಿ ಮೈದುನ ಹಿಂದಿನಿಂದ, "ರಾಜಧಾನೀಲಿ ಯಾರು ಸತ್ತಿದ್ದಾರಂತೆ ಅವರು ಒಪ್ಪೋಕೆ?" ಅಂದ, ಅಧಿಕಾರಿಗಳೂ ನಕ್ಕರು. ಒಪ್ಪಂದದಲ್ಲಿ ಮೀನಿಗೊಂದು ಗಡಿಗೆರೆ, ಸಮುದ್ರದ ತಳಕ್ಕೊಂದು ಗೆರೆ ಎಳೆದು ಕೊಟ್ಟರು, ಪಾಪ, ನೆಂಟಸ್ತಿಕೆಗೆ ಎಲ್ಲಿ ಎಳೆಯುವುದು ಅಂತ ಅವರಿಗೂ ತಿಳಿಯದು.

ಆದರೆ ನನ್ನ ಬಾಯಿ ಮುಚ್ಚಿಸಿದ್ದು ಅಧಿಕಾರಿಗಳಲ್ಲ, ನಮ್ಮ ಹಳೇ ಊರಿನ ಹಿರಿಯ ಕೇವೆ. "ಅಕ್ಕಾ, ಬೇಜಾರು ಮಾಡ್ಕೋಬೇಡ. ಈಗ್ಲೇ ಕೊಳ್ಳೋರಿಲ್ದೆ ನಮ್ಮ ಏಡಿ ಬಿಸಿಲಲ್ಲಿ ಸಾಯ್ತಾವೆ. ನದಿ ಮೇಲಿನೋರೂ ಮಾರೋಕೆ ಇಳಿದು ಬಂದ್ರೆ ನಾವೇನು ತಿನ್ನೋಣ?" ಅಂದ. ಮೈ ಉರಿಯಿತು. ನಮ್ಮ ಅಮ್ಮನ ಕೈಯ ಊಟ ಉಂಡು ಬೆಳೆದವನು ಅವನು. ಸಂಜೆ ನೋಡಿದರೆ ಜೆಟ್ಟಿಯಲ್ಲಿ ಮಾರಾಟವಾಗದ ಚಾಪೆಗಳನ್ನು ಸುತ್ತುತ್ತಾ ಕೂತಿದ್ದ. ಕರೆದು ಚಹಾ ಕೊಟ್ಟೆ. ಈ ಪತ್ರ ತರುತ್ತಿರುವವನೂ ಅವನೇ, ಅವನ ಮೇಲೆ ಹರಿಹಾಯಬೇಡ.

ಕೇರ್ನ್ಸ್ ಪಟ್ಟಣದಿಂದ ಬರುವ ನೆಂಟರೆಲ್ಲ ಮುಸುಕು ತೆಗೆಯುವ ಹಬ್ಬಕ್ಕೆ ಅಂತ ನವೆಂಬರ್‌ಗೆ ಟಿಕೆಟ್ ತೆಗೆದಿದ್ದಾರೆ. ಬೇರೆ ಯಾರಾದರೂ ಮುಸುಕು ತೆಗೆಯಲಿ ಅಂತ ಮೈದುನನ ಹಟ. ಇವತ್ತಿನವರೆಗೂ ನಾನು ಹೂಂ ಅಂದಿರಲಿಲ್ಲ, ಉಹೂಂ ಅಂದಿರಲಿಲ್ಲ.

ದೇವರು ನಿನ್ನ ದೋಣಿಯನ್ನೂ ನಿನ್ನ ಸಿಟ್ಟನ್ನೂ ಕಾಯಲಿ. ಮಕ್ಕಳ ತಲೆ ನೇವರಿಸು, ನನ್ನ ಕೈ ಅಂತ ಹೇಳು.

ನಿನ್ನ ಅಕ್ಕ,
ದೋರ್ಕ

ಮುಖ್ಯವಾದದ್ದೇ ಮರೆತೆ, ಬೇಗ ಬರೆಯುತ್ತೇನೆ, ಕೇವೆ ಆಗಲೇ ದೋಣಿ ಚಾಲೂ ಮಾಡಿಬಿಟ್ಟ. ಕತ್ತಲಲ್ಲಿ ಕದ್ದು ಬರ್ತೀನಿ ಅಂತ ಹೇಳಿ ಕಳಿಸಿದ್ದೀಯಲ್ಲ, ಬರಬೇಡ. ಸಿಕ್ಕಿಬಿದ್ದರೆ ನಿನ್ನೂರಿನ ಹೆಸರು ಯಾವತ್ತೂ ಪಟ್ಟಿಗೆ ಸೇರುವುದಿಲ್ಲ. ಇವತ್ತು ಪೂಜೆ ಬಿಟ್ಟಾಗ ಇಗರ್ಜಿಯ ಬಾಗಿಲಲ್ಲಿ ಎಲ್ಲರಿಗೂ ಹೇಳಿಬಂದೆ: ನೆಂಟರು ಬರಲಿ, ಉಣ್ಣಲಿ, ಕುಣಿಯಲಿ, ಬಟ್ಟೆ ಮಾತ್ರ ಯಾರೂ ಮುಟ್ಟಕೂಡದು. ಎಷ್ಟು ವರ್ಷವಾದರೂ ಆಗಲಿ, ನೀನು ಹಗಲಲ್ಲಿ ಬಾ, ಜೆಟ್ಟಿಯಲ್ಲಿ ಗಟ್ಟಿಯಾಗಿ ಹೆಸರು ಹೇಳಿ ಇಳಿ. ಅಷ್ಟರಲ್ಲಿ ನಾನೂ ಹೋಗಿದ್ದರೆ, ಎರಡು ಕಲ್ಲುಗಳ ಮುಸುಕನ್ನೂ ಒಟ್ಟಿಗೇ ತೆಗೆ.