ಮಳೆಯ ಸುದ್ದಿ ಮಹಡಿಗೆ

ನುಕುಅಲೋಫಾ
ಗುರುವಾರ ಬೆಳಿಗ್ಗೆ

ತಮ್ಮ ಇಸಿಲೇಲಿಗೆ, ನಿನ್ನ ಅಕ್ಕ ಸಿಟ್ಟಿನಲ್ಲೇ ಬರೆಯುವುದು.

ಅಕ್ಕ ತಮ್ಮ ಒಂದೇ ಕೋಣೆಯಲ್ಲಿ ಕೂರಬಾರದು, ಎದುರೆದುರು ವಾದ ಮಾಡಬಾರದು ಎಂಬ ನಮ್ಮ ಜನರ ಕಟ್ಟಳೆಯನ್ನು ಇಷ್ಟು ವರ್ಷ ಪಾಲಿಸಿದೆವು. ಒಂದೇ ಫೋನ್ ಕಂಪನಿಯಲ್ಲಿದ್ದರೂ ನನ್ನದು ಕೆಳಗಿನ ರೇಡಿಯೋ ಕೋಣೆ, ನಿನ್ನದು ಮಹಡಿ. ಇವತ್ತು ಆ ಕಟ್ಟಳೆ ಮುರಿಯುತ್ತಿದ್ದೇನೆ. ಯಾರು ಏನು ಬೇಕಾದರೂ ಅಂದುಕೊಳ್ಳಲಿ.

ಮಳೆ ಬಂದರೆ ಅಮ್ಮ ಇರುವ ನಮ್ಮೂರ ದ್ವೀಪಕ್ಕೆ ಇಲ್ಲಿಂದ ಹೋಗುವ ಸಿಗ್ನಲ್ ಸೊರಗುತ್ತದೆ. ಅದು ನನ್ನ ಯಂತ್ರಕ್ಕೆ ಮೊದಲೇ ಗೊತ್ತಾಗುತ್ತದೆ, ಪರದೆಗೆ ಚಿತ್ರ, ಮಾತು ಕಳಿಸುವ ನಿನ್ನ ಪ್ರೋಗ್ರಾಮಿಗೆ ಗೊತ್ತಾಗುವುದಿಲ್ಲ. ದಾರಿಯಲ್ಲಿ ನೂಕುನುಗ್ಗಲು ಅಂದುಕೊಂಡು ಅದು ನಿಧಾನ ಮಾಡುತ್ತದೆ, ಇನ್ನೂ ನಿಧಾನ ಮಾಡುತ್ತದೆ, ಕೊನೆಗೆ ನಿಂತೇಬಿಡುತ್ತದೆ. ಇದು ಮಳೆ, ಚಿತ್ರ ಬಿಟ್ಟು ಮಾತು ಉಳಿಸಿಕೋ ಎಂಬ ಒಂದು ಸುದ್ದಿ ಕೆಳಗಿನ ನನ್ನ ಯಂತ್ರದಿಂದ ಮೇಲಿನ ನಿನ್ನ ಪ್ರೋಗ್ರಾಮಿಗೆ ಹೋಗಲು ದಾರಿ ಬಿಡು ಎಂದು ಅಮ್ಮನ ಮೂಲಕ ಕೇಳಿದೆ. ನೀನು ಏನಂದೆ? "ಕೆಳಗಿನವರು ಕೆಳಗೇ ಇರ್ಲಿ ಅಂತ ಅಕ್ಕಂಗೆ ಹೇಳಮ್ಮ. ಒಬ್ರ ಕೆಲಸದಲ್ಲಿ ಇನ್ನೊಬ್ರು ಮೂಗು ತೂರಿಸಿದ್ರೆ ಎಲ್ಲಾ ಕೆಡುತ್ತೆ." ಜಗಳವಾದೀತೆಂದು ಅಮ್ಮ ನನಗೆ ಹೇಳಿದ್ದೇ ಬೇರೆ: "ಮಾಡ್ತಾನಂತೆ ಕಣೆ, ನಿನ್ ಮಾತಂದ್ರೆ ಅವನಿಗೆ ಗೌರವ." ನಾನು ನಂಬಿದೆ. ನಿಜ ಗೊತ್ತಾದದ್ದು ನಿನ್ನೆ, ಅವಳು ದ್ವೀಪದಿಂದ ಫೋನ್ ಮಾಡಿ ಅತ್ತಾಗ.

ಮಂಗಳವಾರ ಅಲ್ಲಿನ ಚಿಕಿತ್ಸಾಲಯದಲ್ಲಿ ನಿನ್ನ ಹೆಂಡತಿ ಮೆಲೆಆನೆ ಹೆರಿಗೆ ನೋವಿನಲ್ಲಿದ್ದಳು. ಇಲ್ಲಿಂದ ಡಾಕ್ಟರು ಪರದೆಯಲ್ಲಿ ಹೇಳಿಕೊಡುತ್ತಿದ್ದರು. ಮಳೆ ಬಂತು. "ಡಾಕ್ಟ್ರು ಬಾಯಿ ತೆರೆದಿದ್ದು ಹಾಗೇ ನಿಂತೋಯ್ತು ಅಕ್ಕಾ, ಮುಂದೇನು ಅಂತ ನಾನು ಯಾರನ್ನ ಕೇಳ್ಲಿ?" ಎಂದಳು ನರ್ಸ್, ಆಮೇಲೆ ನನಗೆ ಫೋನ್ ಮಾಡಿ. ಕೆಳಗಿನದು ಮೇಲಿನದಕ್ಕೆ ತಾಗಬಾರದೆಂಬ ನಿನ್ನ ಶುದ್ಧವಾದ ಪದರಗಳಿಗೆ ಬೆಂಕಿ ಬೀಳಲಿ. ಮನುಷ್ಯರ ಜೀವ ಹೋಗುವ ಹೊತ್ತಿನಲ್ಲಿ ನಿನ್ನ ಪ್ರೋಗ್ರಾಮಿಗೆ ಎಂಥಾ ಮಡಿ?

ಮಗುವಿಗೆ ಅಕ್ಕ ಹೆಸರಿಡಲಿ ಎಂದು ಅದನ್ನೂ ಅಮ್ಮನ ಬಾಯಲ್ಲೇ ಹೇಳಿಕಳಿಸಿದ್ದೀಯ. ಹೆಸರಿಡುವ ಹಕ್ಕು ಸೋದರತ್ತೆಯದು, ನಿಜ. ಮಳೆಯ ಸುದ್ದಿಗೆ ನೀನು ದಾರಿ ಬಿಡುವವರೆಗೆ ನಾನು ಇಡುವುದಿಲ್ಲ.

ಇನ್ನೂ ಸಿಟ್ಟು ಇಳಿಯದ
ನಿನ್ನ ಅಕ್ಕ,
ಸೂಲಿಯಾ

ಮರೆತದ್ದಲ್ಲ, ಮುಚ್ಚಿಟ್ಟದ್ದು: ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂದು ಅಮ್ಮ ನಿನಗೆ ಹೇಳಿದ್ದಾಳೆ. ನಿಜ ಹೇಳಬೇಡ ಎಂದು ನನ್ನ ಕೈಲಿ ಆಣೆ ಹಾಕಿಸಿಕೊಂಡಿದ್ದಾಳೆ. ಮೆಲೆಆನೆ ಚೆನ್ನಾಗಿದ್ದಾಳೆ. ಮಗುವಿನ ಉಸಿರಾಟ ಸರಿಯಿಲ್ಲ. ಅದನ್ನು ಇಲ್ಲಿಗೆ ತರೋಣವೆಂದರೆ ಸಮುದ್ರ ಶಾಂತವಾಗುವವರೆಗೆ ದೋಣಿಯಿಲ್ಲ. ಸಂಜೆ ಡಾಕ್ಟರು ಮತ್ತೆ ಅದೇ ಸಂಪರ್ಕದಲ್ಲಿ ಮಗುವನ್ನು ನೋಡುತ್ತಾರೆ. ಸಂಜೆಗೆ ಮಳೆಯಿದೆ ಎನ್ನುತ್ತಿದೆ ನನ್ನ ಯಂತ್ರ. ಈ ಕಾಗದವನ್ನು ನಿನ್ನ ಬಾಗಿಲ ಕೆಳಗೆ ತೂರಿಸಿ ಹೊರಗೇ ನಿಂತಿದ್ದೇನೆ. ಬಾಗಿಲು ತೆಗೆ, ಇಬ್ಬರೂ ಕೂತು ಸಂಜೆಯೊಳಗೆ ಆ ದಾರಿ ಮಾಡೋಣ.