ತೊಂಡೇಬಾವಿ ಶೂಟಿಂಗ್ ಬಿಟ್ಟು ಬಂದದ್ದು

ನವೆಂಬರ್ 14, ಶುಕ್ರವಾರ

ಪ್ರಮೋಷನ್ ಆಸೆಗೆ ಹೆಂಡತಿಯನ್ನೇ ಸಾಹೇಬನ ಬಂಗಲೆಗೆ ಕಳಿಸೋ ಗುಮಾಸ್ತನ ಕಾದಂಬರಿಯನ್ನ ನಾವು ಸಿನಿಮಾ ಮಾಡ್ತಿದ್ದೀವಿ. ಹೆಂಡತಿ ಪಾತ್ರ ನನ್ನದು, ನಿರ್ದೇಶಕರು ನನ್ನ ಗಂಡ ಪ್ರಸಾದ್. ಆ ಕಾದಂಬರಿ ಓದಿ, "ಇಂಥಾ ಗಂಡಸ್ರೂ ಇರ್ತಾರಾ?" ಅಂತ ಅತ್ತಿದ್ದರು.

ಇವತ್ತು ತೊಂಡೇಬಾವಿಯಲ್ಲಿ ಶೂಟಿಂಗ್ ಮುಗಿಸಿ ಹೊರಟಾಗ ವ್ಯಾನಲ್ಲಿ ಪಕ್ಕ ಕೂತು ಹೇಳಿದರು:

"ಪ್ರೊಡ್ಯೂಸರ್ ನಂದಿ ಬೆಟ್ಟದ ಹತ್ರ ರೆಸಾರ್ಟಲ್ಲಿದ್ದಾರೆ. ನೀನೊಬ್ಳೇ ಹೋಗಿ ಮಾತಾಡ್ಕೊಂಡು ಬಾಮ್ಮ. ಇಲ್ದಿದ್ರೆ ಸಿನಿಮಾ ನಿಂತೋಗುತ್ತೆ."

"ಅವರು ಯಾಕೆ ಕರೀತಿದ್ದಾರೆ, ಗೊತ್ತಾ ನಿಮಗೆ?"

ಕಿಟಕಿ ಕಡೆ ಮುಖ ತಿರುಗಿಸಿ, "ಗೊತ್ತು" ಅಂದರು.

ಗೌರಿಬಿದನೂರಲ್ಲಿ ವ್ಯಾನ್ ಇಳಿದು, ಬಸ್ ಹತ್ತಿ, ಚಿಂತಾಮಣಿಗೆ ಅಮ್ಮನ ಮನೆಗೆ ಬಂದುಬಿಟ್ಟೆ. "ಅಳಿಯಂದ್ರು ಬರಲಿಲ್ವೇನೇ?" ಅಂದಳು ಅಮ್ಮ. ಕೆಲಸ ಇದೆ ಅಂದೆ. ಬಡಿಸಿದ ಮುದ್ದೆಯನ್ನ ತಟ್ಟೆಯಲ್ಲೇ ಬಿಟ್ಟು ಎದ್ದೆ.

"ಗೊತ್ತು" ಅನ್ನುವಾಗ ಅವರ ದನಿ ಒಂಚೂರೂ ನಡುಗಲಿಲ್ಲ. ಸುಳ್ಳಾದರೂ ಹೇಳಬಹುದಿತ್ತಲ್ಲ, ನಾನು ನಂಬ್ತಿದ್ದೆನೋ ಏನೋ...