ಬಾಯಿ ಮೇಲೆ ಮಾಡಿ ಇಟ್ಟ ಚಿಪ್ಪುಗಳು

ಜುಲೈ 4, ಸಂಜೆ
ಇವತ್ತು ಗೆರೆ ನೋಡಲು ಹನ್ನೊಂದು ಚಿಪ್ಪು ಕೊಯ್ದೆ. ಎರಡು ಮುರಿದವು. ಲ್ಯಾಬ್ ಎಂದರೆ ಕಾಲೇಜಿನ ಜಿಯಾಲಜಿ ರೂಮಿನ ಒಂದು ಮೂಲೆ — ಹಳೆಯ ಮೈಕ್ರೋಸ್ಕೋಪ್, ಸೋರುವ ನಲ್ಲಿ. ಬೈಲಹೊಂಗಲದ ಈ ಜಿಟಿಜಿಟಿ ಮಳೆಗೆ ಚಿಪ್ಪಿನ ಪ್ಯಾಕೆಟ್ಟುಗಳ ಮೇಲಿನ ಲೇಬಲ್ಲಿಗೂ ಬೂಷ್ಟು. ಬೆನ್ನು ನನ್ನ ಮಾತು ಕೇಳುವುದು ಬಿಟ್ಟು ಬಹಳ ದಿನವಾಯಿತು.

ಧಾರವಾಡದಿಂದ ಗೈಡ್ ಸರ್ ಫೋನ್. "ಥೀಸಿಸ್ ಕೊಡೂದಕ್ಕ ಮೂವತ್ತೊಂದನೇ ತಾರೀಖು ಕಡೀ ದಿನ, ಶರ್ವರಿ. ಇನ್ನ ಎಕ್ಸ್‌ಟೆನ್ಶನ್ ಇಲ್ಲ. ರಜಿಸ್ಟ್ರೇಶನ್ನ ರದ್ದಾಗ್ತದ."

ಗೊತ್ತು ಸರ್ ಅಂದೆ. ಒಂಬತ್ತು ವರ್ಷದಿಂದ ಅದೇ ಅನ್ನುತ್ತಿದ್ದೇನೆ. ಪಿಎಚ್‌ಡಿ ಬಾರದೆ ಈ 'ಗೆಸ್ಟ್ ಲೆಕ್ಚರರ್' ಹಣೆಪಟ್ಟಿ ಕಳಚುವುದಿಲ್ಲ. ಹನ್ನೆರಡು ವರ್ಷದ ಗೆಸ್ಟು!

ಜುಲೈ 6
ಊಟಕ್ಕೆ ಕೂತಾಗ ಅಪ್ಪ, "ನಿನ್ನ ಥೀಸಿಸ್ಸಿನೊಳಗ ಏನದ, ಒಂದ ಮಾತಿನೊಳಗ ಹೇಳವಾ" ಅಂದರು.

ಹೇಳಿದೆ. ಎರಡೂವರೆ ಸಾವಿರ ವರ್ಷದ ಹಿಂದೆ ಮಲಪ್ರಭೆಯ ದಂಡೆಯ ದಿಬ್ಬದಲ್ಲಿ ಜನ ಹೊಳೆಯ ಚಿಪ್ಪಿನೊಳಗಿನ ಮಾಂಸ ತಿನ್ನುತ್ತಿದ್ದರು. ಮರಕ್ಕೆ ಉಂಗುರವಿದ್ದಂತೆ ಚಿಪ್ಪಿಗೆ ಗೆರೆ. ಅಂಚಿನ ಗೆರೆ ಕಪ್ಪಗಿದ್ದರೆ ಬೇಸಿಗೆಯಲ್ಲಿ ತೆಗೆದದ್ದು, ತಿಳಿಯಾಗಿದ್ದರೆ ಮಳೆಗಾಲದಲ್ಲಿ. ದಿಬ್ಬದವು ಎಲ್ಲ ಕಪ್ಪು. ಅಂದರೆ ಆ ಜನ ಬೇಸಿಗೆಗೆ ಬಂದು, ಮಳೆಗೆ ಮುಂಚೆ ಜಾಗ ಬಿಡುತ್ತಿದ್ದರು.

"ಇಷ್ಟಕ್ಕ ಒಂಬತ್ತ ವರ್ಷ?"

ಬೆಟ್ಟ ಅಗೆದು ಇಲಿ ಹಿಡಿದಳು ಮಗಳು, ಎಂದು ಅಪ್ಪ ಬಾಯಿಬಿಟ್ಟು ಅನ್ನಲಿಲ್ಲ. ನಾನೇ ಅಂದೆ. ಇಬ್ಬರೂ ನಕ್ಕೆವು.

ಜುಲೈ 9
ತಾಳೆ ನೋಡಲು ಈಗಿನ ಚಿಪ್ಪು ಬೇಕಲ್ಲ. ಕಳೆದ ವರ್ಷವಿಡೀ ಪ್ರತಿ ಅಮಾವಾಸ್ಯೆಗೆ ಮುನವಳ್ಳಿ ಕಡೆಯ ಕಾಡವ್ವ ಒಂದೊಂದು ಪ್ಯಾಕೆಟ್ ಕೊಟ್ಟಿದ್ದಳು. ಹೊಳೆಯಲ್ಲಿ ಮೀನು, ಚಿಪ್ಪು ಹಿಡಿಯುತ್ತಲೇ ಅರವತ್ತು ದಾಟಿದವಳು. ಒಂಬತ್ತು ಪ್ಯಾಕೆಟ್ ಮುಗಿದಿವೆ, ಎಲ್ಲ ಲೆಕ್ಕದಂತೆಯೇ. ಮಳೆಗಾಲದ ಮೂರು ಬಾಕಿ.

ಆಷಾಢದ್ದು ಕೊಯ್ದೆ. ಅಂಚು ತಿಳಿಯಾಗಿರಬೇಕು. ಕಪ್ಪು. ಹತ್ತಕ್ಕೆ ಹತ್ತೂ ಕಪ್ಪು.

ಜುಲೈ 10
ಶ್ರಾವಣದ್ದೂ. ಭಾದ್ರಪದದ್ದೂ.

ಮಳೆಗಾಲದ ಚಿಪ್ಪಿಗೂ ಕಪ್ಪು ಅಂಚು ಅಂದಮೇಲೆ ಕಪ್ಪು ಏನನ್ನೂ ಹೇಳುವುದಿಲ್ಲ. ಅದರ ಮೇಲೇ ನಿಂತ ಐದನೇ ಅಧ್ಯಾಯ ಸತ್ತಿತು.

ಜುಲೈ 14
ಮುನವಳ್ಳಿಗೆ ಹೋಗಿ ಬಂದೆ. ಬಸ್ಸಿನಲ್ಲಿ ನಿಂತೇ.

"ಕಾಡವ್ವ, ಮಳಿಗಾಲದಾಗ ಕೊಟ್ಟ ಚಿಪ್ಪು ಯಾವಾಗ ಹಿಡದಿದ್ರಿ?"

ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. "ಆಷಾಢದಾಗ ಹೊಳಿ ಯಾರ ಇಳೀತಾರ್ರಿ ಅಕ್ಕೋರ? ಸೆಳವು ಮನಿಶ್ಯಾನ್ನ ಎಳಕೊಂಡ ಹೊಕ್ಕೈತಿ. ಅವು ಬ್ಯಾಸಿಗೀವು."

"ಮತ್ತ ನನಗ್ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲ. ಅಷ್ಟ ದೂರದಿಂದ ತೊಯ್ಸಿಕೊಂಡ ಬರತಿದ್ರಿ. ಬರಿಗೈಲೆ ಹ್ಯಾಂಗ ಕಳಸೂದು?"

ಅವಳನ್ನು ತಬ್ಬಿಕೊಳ್ಳುವುದೊಂದು ಬಾಕಿ! ಅವು ಬೇಸಿಗೆಯವೇ, ಕಪ್ಪಗಿರಲೇಬೇಕು. ಮೂರು ಪ್ಯಾಕೆಟ್ ಬಿಸಾಡಿದರೆ ಅಧ್ಯಾಯ ಉಳಿಯಿತು. ಖುಷಿಗೆ ಎರಡನೇ ಸಲ ಚಹಾ ಕುಡಿದೆ. ಬ್ಯಾಗು ಹೆಗಲಿಗೇರಿಸಿ, ಹೊಸ್ತಿಲಲ್ಲಿ ನಿಂತು, ಸುಮ್ಮನೆ ಕೇಳಿದೆ: "ಅಷ್ಟ ತಿಂಗಳು ಸಾಯದ ಹ್ಯಾಂಗ ಉಳದ್ವು?"

ಕೇಳಬಾರದಿತ್ತು.

ಹಿತ್ತಲಿಗೆ ಕರೆದೊಯ್ದಳು. ಮೊಳಕಾಲುದ್ದದ ಗುಂಡಿ. ಮೇಲೆ ತೊಯ್ದ ಗೋಣಿಚೀಲ, ಒಳಗೆ ಹಸಿ ಮರಳು. ಮರಳಿನಲ್ಲಿ ಈ ವರ್ಷದ ಚಿಪ್ಪು, ಒತ್ತೊತ್ತಾಗಿ ನಿಂತಿವೆ.

"ಬಾಯಿ ಮ್ಯಾಲ ಮಾಡಿ ಇಡಬೇಕ್ರಿ. ಅಡ್ಡ ಬಿದ್ದರ ಸಾಯ್ತಾವ. ದಿನಾ ಒಂದ ಚರಿಗಿ ನೀರು. ನಮ್ಮತ್ತೀನೂ ಹೀಂಗ ಇಡತಿದ್ಲು. ಬ್ಯಾಸಿಗ್ಯಾಗ ತರೂದು, ಮಳಿಗಾಲದಾಗ ತಿನ್ನೂದು."

ಒಂದನ್ನು ಬೆರಳಿನಿಂದ ಮುಟ್ಟಿದೆ. ಗಪ್ಪನೆ ಬಾಯಿ ಮುಚ್ಚಿತು.

ಗುಂಡಿಯಲ್ಲಿ ಚಿಪ್ಪು ಬೆಳೆಯುವುದಿಲ್ಲ. ಅಂಚು ಕಪ್ಪಗೇ ಉಳಿಯುತ್ತದೆ. ಕಾಡವ್ವನ ಮನೆಯವರು ಮಾಡುವುದನ್ನು ದಿಬ್ಬದವರೂ ಮಾಡಿರಬಹುದಲ್ಲ? ಬೇಸಿಗೆಯಲ್ಲಿ ಹಿಡಿದು, ಮಳೆಗಾಲದಲ್ಲಿ ಅಲ್ಲೇ ಕೂತು ತಿಂದಿರಬಹುದು. ಜಾಗ ಬಿಟ್ಟು ಎಲ್ಲಿಗೂ ಹೋಗದೆ.

"ನಂದೇನರ ತಪ್ಪಾತೇನ್ರಿ?" ಪಾಪ, ಮುಖ ಸಣ್ಣದು ಮಾಡಿಕೊಂಡಿದ್ದಳು.

"ಇಲ್ಲಬೇ ಯವ್ವಾ. ನಂದು."

ಜುಲೈ 15
ದಿಬ್ಬದ ಉತ್ಖನನದ ಹಳೆಯ ನೋಟ್‌ಬುಕ್ ತೆಗೆದೆ. ಮೂರನೇ ಟ್ರೆಂಚ್. ನನ್ನದೇ ಅಕ್ಷರ: 'ಕಸದ ಗುಂಡಿ. ಮರಳು. ಚಿಪ್ಪು 64, ಎಲ್ಲವೂ ಎರಡು ಹೋಳು ಕೂಡಿದ ಜೋಡಿ. ನಿಂತಿವೆ, ಬಾಯಿ ಮೇಲೆ.' ಚಿತ್ರ ಕೂಡ ಬರೆದಿದ್ದೇನೆ, ಎಷ್ಟು ಚೆಂದ!

ಕಸವನ್ನು ಯಾರಾದರೂ ಸಾಲಾಗಿ ನಿಲ್ಲಿಸುತ್ತಾರೆಯೇ? ಯಾರೋ ಹೆಂಗಸು ಮಳೆಗಾಲಕ್ಕೆಂದು ಜೋಪಾನ ಮಾಡಿದ್ದನ್ನು ಕಸ ಎಂದು ಬರೆದುಬಿಟ್ಟೆ. ನಾಚಿಕೆಯಾಯಿತು. ಈಗಲೂ ಆಗುತ್ತಿದೆ.

ಜುಲೈ 21
ಸರ್‌ಗೆ ಹೇಳಿದೆ. ಅವರು ಅಂದರು: "ಆ ಗುಂಡಿದು ಒಂದ ಪುಟ ಕಿತ್ತರ ಆತು. ಯಾರ ನೋಡ್ತಾರ? ಮೊದಲ ಡಿಗ್ರಿ ತಗೋರಿ. ಖರೇ ಮಾತು ಆಮ್ಯಾಲ ಬರದ್ರಾತು."

ಸರ್ ಕೆಟ್ಟವರಲ್ಲ. ನನ್ನಷ್ಟೇ ದಣಿದವರು.

ಇನ್ನೂ ಒಂದು ಸಾಲಿದೆ, ಎರಡನೇ ಅಧ್ಯಾಯದಲ್ಲಿ: 'ಸಂಶೋಧಕಿಯು ಪ್ರತಿ ತಿಂಗಳೂ ನದಿಯಿಂದ ಸ್ವತಃ ಸಂಗ್ರಹಿಸಿದ ಮಾದರಿಗಳು.' ಸ್ವತಃ! ಕಾಡವ್ವನ ಕಟ್ಟೆಯ ಮೇಲೆ ಕೂತು, ಚಹಾ ಕುಡಿದು, ಪ್ಯಾಕೆಟ್ ಮೇಲೆ ತಾರೀಖು ಬರೆದವಳು ನಾನು.

ಜುಲೈ 27
ಥೀಸಿಸ್ ಬೈಂಡಿಂಗ್ ಆಗಿ ನಾಲ್ಕು ಪ್ರತಿ ಬಂದವು. ಗುಂಡಿ ಇಲ್ಲ, ಪುಟ ಕಿತ್ತಾಗಿದೆ; 'ಸ್ವತಃ' ಹಾಗೇ ಇದೆ. ಬಂಗಾರದ ಅಕ್ಷರ. ಅಪ್ಪ ನನ್ನ ಹೆಸರಿನ ಮೇಲೆ ಬೆರಳಾಡಿಸಿ, ದೇವರ ಮುಂದೆ ಇಟ್ಟು ಬಂದರು.

ಗುಂಡಿಯ ಮಾತು ಅವರಿಗೆ ಹೇಳದೆ, ಊಟಕ್ಕೆ ತಾಟು ಹಾಕಿದೆ.

ಜುಲೈ 30
ಹೇಳಿದೆ. ಅಪ್ಪನಿಗೆ ಎಲ್ಲ, ಮೊದಲಿನಿಂದ.

ಅಪ್ಪ ಕನ್ನಡಕ ತೆಗೆದು ಒರೆಸಿದರು. ಮತ್ತೆ ಒರೆಸಿದರು. "ಅಂದ್ರ ಇಲೀನೂ ತಪ್ಪಿಸ್ಕೊಂಡ್ತೇನವಾ?"

ನಗಲು ಹೋಗಿ ಅತ್ತೆ. ನಲವತ್ತೊಂದನೇ ವಯಸ್ಸಿಗೆ, ತಾಟಿನ ಮುಂದೆ ಕೂತು. ಅಪ್ಪ ಎದ್ದು ಹೋಗಿ ದೇವರ ಮುಂದಿನ ಪ್ರತಿಗಳನ್ನು ತಂದು ಕಪಾಟಿನಲ್ಲಿಟ್ಟರು. ಆಮೇಲೆ ಮಜ್ಜಿಗೆ ಬಡಿಸಿದರು.

ಜುಲೈ 31, ಬೆಳಿಗ್ಗೆ 7.10
ಬಸ್ ಸ್ಟ್ಯಾಂಡ್. ಧಾರವಾಡದ ಬಸ್ ಬಂತು, ಹೋಯಿತು. ಸರ್ ಫೋನ್ ಮೂರು ಸಲ. ಥೀಸಿಸ್ ಕೊಡಲು ಬರುವುದಿಲ್ಲ ಎಂದು ಮೆಸೇಜ್ ಹಾಕಿದೆ. ಮುನವಳ್ಳಿ ಬಸ್ಸಿಗೆ ಕಾಯುತ್ತಿದ್ದೇನೆ.

ಮಧ್ಯಾಹ್ನ 12.30, ಕಾಡವ್ವನ ಹಿತ್ತಲು
ಗೋಣಿಚೀಲ ಸರಿಸಿದ್ದಾಳೆ. "ಮತ್ತ ಯಾಕ ಬಂದ್ರಿ ಅಕ್ಕೋರ, ಮಳ್ಯಾಗ?" ಅಂದಳು. ಮಳೆಗಾಲಕ್ಕೆ ಎಷ್ಟು ಜೀವಂತ ಉಳಿದಿವೆ, ನನ್ನ ಕಣ್ಣಿನಿಂದಲೇ ಎಣಿಸಬೇಕು ಅಂದೆ. ಛತ್ರಿ ಅವಳೇ ಹಿಡಿದಿದ್ದಾಳೆ. ಮೊಳಕಾಲೂರಿ ಕೂತಿದ್ದೇನೆ. ಹೊಸ ನೋಟ್‌ಬುಕ್ಕಿಗೆ ಆಗಲೇ ಕೆಸರು.

ಗುಂಡಿ. ಮರಳು ಹಸಿ. ಎಲ್ಲ ಬಾಯಿ ಮೇಲೆ.
ಒಂದು — ಮುಟ್ಟಿದೆ, ಮುಚ್ಚಿತು. ಜೀವ ಇದೆ.
ಎರಡು — ಇದೆ.
ಮೂರು —